ಪ್ರೌಢಶಾಲೆಗಳಲ್ಲಿ ಅಂತರರಾಷ್ಟ್ರೀಯ ವಿದ್ಯಾರ್ಥಿ ವಿನಿಮಯ

‘ದೇಶ ಸುತ್ತು, ಕೋಶ ಓದು’ ಎಂಬುದು ಕನ್ನಡಿಗರಿಗೆ ಚಿರಪರಿಚಿತವಾದ ಮಾತು. ಜ್ಞಾನಾರ್ಜನೆಗೆ ಗ್ರಂಥಾಧ್ಯಯನವೆಷ್ಟು ಅವಶ್ಯವೋ ಲೋಕಸಂಚಾರವೂ ಅಷ್ಟೇ ಅವಶ್ಯವೆಂಬುದು ಅದರ ತಾತ್ಪರ್ಯ. ಆದರೆ ಸುತ್ತುವುದು ಬೇರೆ, ನೆಲೆಸುವುದು ಬೇರೆ. ಪ್ರವಾಸಿಯಾದವನು ಪರದೇಶದ ಕೋಟೆಕೊತ್ತಲಗಳನ್ನೂ ವಸ್ತುಸಂಗ್ರಹಾಲಯಗಳನ್ನೂ ನೋಡಿಕೊಂಡು ಹಿಂದಿರುಗುತ್ತಾನೆ. ಅಲ್ಲಿನ ಒಂದು ಸಾಮಾನ್ಯ ಸಂಸಾರದಲ್ಲಿ ಬೆಳಗಿನ ಉಪಾಹಾರದ ವೇಳೆಗೆ ಏನು ಮಾತನಾಡುತ್ತಾರೆ, ಮಕ್ಕಳು ತಪ್ಪು ಮಾಡಿದಾಗ ತಾಯಿತಂದೆಗಳು ಹೇಗೆ ತಿದ್ದುತ್ತಾರೆ, ಶಾಲೆಯಲ್ಲಿ ಗುರುವನ್ನು ಪ್ರಶ್ನಿಸುವ ಬಗೆ ಯಾವುದು ಎಂಬ ಸಂಗತಿಗಳು ಅವನ ಅರಿವಿಗೆ ಬರುವುದಿಲ್ಲ. ಹದಿನೈದರಿಂದ ಹದಿನೆಂಟು ವಯಸ್ಸಿನ ಬಾಲಕ ಬಾಲಕಿಯರನ್ನು ಪರದೇಶದ ಮನೆಯೊಂದರಲ್ಲಿ ಆ ಮನೆಯ ಮಕ್ಕಳಂತೆಯೇ ಇರಿಸಿ, ಅಲ್ಲಿಯ ಶಾಲೆಗೆ ಕಳುಹಿಸುವ ವಿದ್ಯಾರ್ಥಿ ವಿನಿಮಯ ಪದ್ಧತಿಯು ಈ ಕೊರತೆಯನ್ನು ನೀಗಿಸಲೆಂದು ಬೆಳೆದುಬಂದಿತು. ಅದರ ಹುಟ್ಟು ಯಾವುದು, ಅದು ನಡೆಯುವ ಕ್ರಮವೇನು, ಅದರಲ್ಲಿ ಶಾಲೆಯ ಪಾತ್ರವೆಂಥದು ಎಂಬುದನ್ನು ಅರಿಯುವುದು ಶಿಕ್ಷಕರಿಗೂ ವಿದ್ಯಾಭಿಮಾನಿಗಳಿಗೂ ಉಪಯುಕ್ತ.

ಯುದ್ಧಭೂಮಿಯಿಂದ ಶಾಲೆಯ ಅಂಗಳಕ್ಕೆ

ಈ ಕ್ಷೇತ್ರದ ಹಿರಿಯ ಸಂಸ್ಥೆಗಳಲ್ಲೊಂದಾದ ‘ಅಮೆರಿಕನ್ ಫೀಲ್ಡ್ ಸರ್ವಿಸ್’ನ ಮೂಲವನ್ನು ಹುಡುಕುತ್ತ ಹೋದರೆ ಒಂದು ಶಾಲಾ ಕಟ್ಟಡವೇ ಎದುರಾಗುತ್ತದೆ. 1914ರಲ್ಲಿ ಪ್ರಥಮ ಮಹಾಯುದ್ಧ ಆರಂಭವಾದಾಗ, ಪ್ಯಾರಿಸ್ ನಗರಕ್ಕೆ ಹೊಂದಿಕೊಂಡ ನ್ಯೂಯೀ ಎಂಬಲ್ಲಿ ವಿಜ್ಞಾನಿ ಪಾಶ್ಚರನ ಹೆಸರಿನ ಶಾಲೆಯೊಂದರ ಕಟ್ಟಡ ಇನ್ನೂ ಪೂರ್ಣಗೊಂಡಿರಲಿಲ್ಲ. ಫ್ರಾನ್ಸಿನಲ್ಲಿ ನೆಲೆಸಿದ್ದ ಅಮೆರಿಕನ್ನರು ಅದನ್ನು ಸೈನಿಕರ ಆಸ್ಪತ್ರೆಯನ್ನಾಗಿ ಮಾರ್ಪಡಿಸಿದರು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅರ್ಥಶಾಸ್ತ್ರ ಬೋಧಿಸಿ, ಅನಂತರ ಅಮೆರಿಕದ ಟಂಕಸಾಲೆಯ ನಿರ್ದೇಶಕರೂ ಆಗಿದ್ದ ಪಯಟ್ ಆಂಡ್ರ್ಯೂ ಎಂಬವರು 1915ರಲ್ಲಿ ಗಾಯಾಳುಗಳನ್ನು ಸಾಗಿಸುವ ವಾಹನದಳವೊಂದನ್ನು ಸಂಘಟಿಸಿದರು. ಹಗುರವಾದ ಫೋರ್ಡ್ ಮೋಟಾರುಗಳನ್ನು ಏರಿ, ಗುಂಡಿನ ಸುರಿಮಳೆಯ ನಡುವೆ ಗಾಯಾಳುಗಳನ್ನು ಹೊತ್ತು ತಂದವರಲ್ಲಿ ಬಹುಮಂದಿ ಕಾಲೇಜುಗಳಿಂದ ಸ್ವಇಚ್ಛೆಯಿಂದ ಬಂದ ತರುಣರು. ಆ ಯುದ್ಧದಲ್ಲಿ 2,500ಕ್ಕೂ ಹೆಚ್ಚು ಮಂದಿ ಈ ದಳದಲ್ಲಿ ಸೇವೆ ಸಲ್ಲಿಸಿದರು. ನೂರಕ್ಕೂ ಹೆಚ್ಚು ಮಂದಿ ಮರಳಿ ಮನೆಗೆ ಬರಲಿಲ್ಲ.

ದ್ವಿತೀಯ ಮಹಾಯುದ್ಧ ಒದಗಿದಾಗ ಹಳೆಯ ಚಾಲಕರಲ್ಲೊಬ್ಬರಾದ ಸ್ಟೀಫನ್ ಗಲಾಟ್ಟಿ ದಳವನ್ನು ಪುನಃ ಕಟ್ಟಿದರು. ಈ ಬಾರಿ ಅದರ ವಾಹನಗಳು ಉತ್ತರ ಆಫ್ರಿಕಾ ಮತ್ತು ಇಟಲಿಗಳಲ್ಲಿ ಮಾತ್ರವಲ್ಲದೆ ಭಾರತ-ಬರ್ಮಾ ಗಡಿಯ ಕಾಡುದಾರಿಗಳಲ್ಲಿಯೂ ಸಂಚರಿಸಿದವು. ಒಂದೇ ಜೀವಿತಾವಧಿಯಲ್ಲಿ ಎರಡು ಮಹಾಯುದ್ಧಗಳನ್ನು ಕಂಡ ಆ ಜನರ ಮನಸ್ಸಿನಲ್ಲಿ ಒಂದು ಪ್ರಶ್ನೆ ಉಳಿಯಿತು. ಗಾಯಗೊಂಡವರನ್ನು ಎತ್ತಿ ಸಾಗಿಸುವುದು ಪುಣ್ಯಕಾರ್ಯವೇ ಸರಿ. ಗಾಯವೇ ಆಗದಂತೆ ಮಾಡುವ ಬಗೆ ಯಾವುದು? 1946ರಲ್ಲಿ ನ್ಯೂಯಾರ್ಕ್ ನಗರದಲ್ಲಿ ಸಭೆ ಸೇರಿದ ಮಾಜಿ ಚಾಲಕರು, ನಾನಾ ದೇಶಗಳ ಪ್ರೌಢಶಾಲಾ ವಿದ್ಯಾರ್ಥಿಗಳನ್ನು ಒಂದು ವರ್ಷ ಅಮೆರಿಕದ ಮನೆಗಳಲ್ಲಿ ಇರಿಸಿ ಓದಿಸುವ ಯೋಜನೆಯನ್ನು ಕೈಗೊಳ್ಳಲು ನಿಶ್ಚಯಿಸಿದರು. 1947ರಲ್ಲಿ 10 ದೇಶಗಳಿಂದ 52 ವಿದ್ಯಾರ್ಥಿಗಳು ಬಂದಿಳಿದರು. 1950ರಿಂದ ಅಮೆರಿಕದ ವಿದ್ಯಾರ್ಥಿಗಳೂ ಬೇಸಗೆಯ ರಜೆಯಲ್ಲಿ ಯುರೋಪಿನ ಮನೆಗಳಿಗೆ ತೆರಳಲಾರಂಭಿಸಿದರು. ವರ್ಷಾಂತ್ಯದಲ್ಲಿ ವಿದೇಶೀ ವಿದ್ಯಾರ್ಥಿಗಳನ್ನು ಬಸ್ಸುಗಳಲ್ಲಿ ದೇಶದ ಊರೂರುಗಳಿಗೆ ಕರೆದೊಯ್ಯುವುದು ವಾಡಿಕೆಯಾಯಿತು. 1963ರ ಜುಲೈನಲ್ಲಿ ರಾಷ್ಟ್ರಾಧ್ಯಕ್ಷ ಜಾನ್ ಕೆನಡಿಯವರು ಇಂಥ ವಿದ್ಯಾರ್ಥಿ ಸಮೂಹವನ್ನು ಶ್ವೇತಭವನದ ಹುಲ್ಲುಹಾಸಿನ ಮೇಲೆ ಬರಮಾಡಿಕೊಂಡು ಮಾತನಾಡಿದರು.

ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ಬಿಟ್ಟು ಪ್ರೌಢಶಾಲೆಯ ಮಕ್ಕಳನ್ನೇ ಆರಿಸಿಕೊಂಡದ್ದು ವಿಚಾರಪೂರ್ವಕವಾದ ಕ್ರಮವೇ. ಪ್ರಾಪ್ತವಯಸ್ಕನಾದ ವಿದ್ವಾಂಸನು ಪರದೇಶದಲ್ಲಿ ವಿದ್ಯಾರ್ಥಿನಿಲಯದ ಕೊಠಡಿಯಲ್ಲಿದ್ದು, ಗ್ರಂಥಾಲಯಕ್ಕೆ ಹೋಗಿಬಂದು ತನ್ನ ಕಾರ್ಯ ಮುಗಿಸಬಲ್ಲನು. ಹದಿನಾರರ ಹುಡುಗಿ ಹಾಗಿರಲಾರಳು. ಅವಳಿಗೆ ಊಟಕ್ಕೆ ಕರೆಯುವ ತಾಯಿ ಬೇಕು, ತಡವಾಗಿ ಬಂದರೆ ಕೇಳುವ ತಂದೆ ಬೇಕು, ಜಗಳವಾಡಲು ಒಡಹುಟ್ಟಿದವರು ಬೇಕು. ಆ ಅವಶ್ಯಕತೆಯೇ ಅವಳನ್ನು ಪರದೇಶದ ಜೀವನದ ಒಳಮನೆಗೆ ಕರೆದೊಯ್ಯುತ್ತದೆ.

ಮನೆವಾಸದ ಪ್ರಯೋಗ ಮತ್ತು ಬೇಸಗೆಯ ಶಿಬಿರ

ಮನೆವಾಸದ ಮಹತ್ತ್ವವನ್ನು ಇದಕ್ಕೂ ಮೊದಲೇ ಮನಗಂಡವರು ಡೊನಾಲ್ಡ್ ವಾಟ್ ಎಂಬ ಅಮೆರಿಕನ್ನರು. 1932ರಲ್ಲಿ ಅವರು ಅಮೆರಿಕದ ಕೆಲವು ತರುಣರನ್ನು ಯುರೋಪಿಗೆ ಕರೆದೊಯ್ದು, ಅಲ್ಲಿಯ ತರುಣರೊಡನೆ ಆಲ್ಪ್ಸ್ ಪರ್ವತಸೀಮೆಯಲ್ಲಿ ಬೇಸಗೆಯ ಶಿಬಿರ ನಡೆಸಿದರು. ಒಂದೇ ಭಾಷೆಯವರು ಒಂದೇ ಗುಂಪಾಗಿ ಕೂಡುವುದು ಶಿಬಿರಜೀವನದಲ್ಲಿ ಸಹಜ. ನಿರೀಕ್ಷಿಸಿದ ಸಾಮೀಪ್ಯ ಉಂಟಾಗಲಿಲ್ಲ. ಅನಂತರದ ಯಾತ್ರೆಗಳಲ್ಲಿ ವಾಟ್ ಅವರು ಒಬ್ಬೊಬ್ಬರನ್ನು ಒಂದೊಂದು ಮನೆಯಲ್ಲಿ ಇರಿಸಿದರು. ಭಾಷೆ ಬಾರದಿದ್ದರೂ ಊಟ, ಕೆಲಸ, ಆಟಗಳ ಮೂಲಕ ಮನಸ್ಸುಗಳು ಹತ್ತಿರವಾದವು. ಅವರು ತಮ್ಮ ಯೋಜನೆಯನ್ನು ‘ಅಂತರರಾಷ್ಟ್ರೀಯ ಜೀವನದ ಪ್ರಯೋಗ’ವೆಂದೇ ಕರೆದರು. 1934ರಲ್ಲಿ ಈ ಯೋಜನೆಯ ಮೂಲಕ ಜರ್ಮನಿಗೆ ಹೋಗಿದ್ದ ತರುಣ ಸಾರ್ಜಂಟ್ ಶ್ರೈವರ್ ಅವರೇ ಮುಂದೆ 1961ರಲ್ಲಿ ಪೀಸ್ ಕೋರ್ ಎಂಬ ಸೇವಾದಳದ ಪ್ರಥಮ ನಿರ್ದೇಶಕರಾದರು. ಮೈಸೂರು ರಾಜ್ಯದ ಹಳ್ಳಿಗಳಲ್ಲಿಯೂ ಆ ದಳದ ತರುಣ ತರುಣಿಯರು ಸೇವೆ ಸಲ್ಲಿಸಿದ್ದುಂಟು.

ಹಾಗೆಂದು ಬೇಸಗೆಯ ಶಿಬಿರ ನಿರರ್ಥಕವೆಂದು ಭಾವಿಸಲಾಗದು. ಅಮೆರಿಕದ ಮನಶ್ಶಾಸ್ತ್ರಜ್ಞೆ ಡೋರಿಸ್ ಆಲನ್ ಅವರು 1951ರಲ್ಲಿ ಸಿನ್ಸಿನಾಟಿ ನಗರದಲ್ಲಿ ಆರಂಭಿಸಿದ ‘ಮಕ್ಕಳ ಅಂತರರಾಷ್ಟ್ರೀಯ ಬೇಸಗೆಯ ಗ್ರಾಮ’ಗಳು ಇದಕ್ಕೆ ನಿದರ್ಶನ. ಪ್ರತಿಯೊಂದು ದೇಶದಿಂದ 11 ವರ್ಷದ ಇಬ್ಬರು ಬಾಲಕರು, ಇಬ್ಬರು ಬಾಲಕಿಯರು, ಅವರೊಡನೆ ಒಬ್ಬ ಹಿರಿಯರು ಬರುತ್ತಾರೆ. ಎಲ್ಲ ದೇಶಗಳ ಮಕ್ಕಳೂ ಸುಮಾರು ನಾಲ್ಕು ವಾರ ಕೂಡಿ ಬಾಳುತ್ತಾರೆ. ಚಿಕ್ಕ ಮಕ್ಕಳಿಗೆ ದೇಶಭೇದದ ಪೂರ್ವಗ್ರಹ ಇನ್ನೂ ಗಟ್ಟಿಯಾಗಿ ಬೇರೂರಿರುವುದಿಲ್ಲವೆಂಬ ತತ್ತ್ವದ ಮೇಲೆ ಈ ಯೋಜನೆ ನಿಂತಿದೆ. ಹೀಗೆ ಚಿಕ್ಕವರಿಗೆ ಶಿಬಿರ, ಪ್ರೌಢಶಾಲೆಯವರಿಗೆ ಮನೆವಾಸ ಎಂಬ ವಿವೇಚನೆ ಅನುಭವದಿಂದ ಮೂಡಿಬಂದಿತು.

ವೈರಿ ರಾಷ್ಟ್ರಗಳ ಮಕ್ಕಳು

ವಿನಿಮಯದ ಶಕ್ತಿ ನಿಜವಾಗಿ ಪರೀಕ್ಷೆಗೊಳಗಾದದ್ದು ಮಿತ್ರರಾಷ್ಟ್ರಗಳ ನಡುವೆ ಅಲ್ಲ, ವೈರಿಗಳಾಗಿದ್ದ ರಾಷ್ಟ್ರಗಳ ನಡುವೆ. 1951ರಲ್ಲಿ, ಯುದ್ಧ ಮುಗಿದು ಆರೇ ವರ್ಷಗಳಾಗಿದ್ದಾಗ, 75 ಮಂದಿ ಜರ್ಮನ್ ಕಿಶೋರರನ್ನು ಅಮೆರಿಕದ ಮಿಷಿಗನ್ ರಾಜ್ಯದ ಕುಟುಂಬಗಳು ತಮ್ಮ ಮನೆಗಳಿಗೆ ಬರಮಾಡಿಕೊಂಡವು. ಈ ಕಾರ್ಯವನ್ನು ನಿರ್ವಹಿಸಿದ ರೇಚಲ್ ಆಂಡ್ರೆಸನ್ ಎಂಬ ಮಹಿಳೆಯ ಶ್ರಮದಿಂದಲೇ ‘ಯೂತ್ ಫಾರ್ ಅಂಡರ್‌ಸ್ಟ್ಯಾಂಡಿಂಗ್’ ಸಂಸ್ಥೆ ಬೆಳೆಯಿತು. ತಮ್ಮ ಮಕ್ಕಳನ್ನು ಜರ್ಮನಿಯೊಡನೆ ನಡೆದ ಯುದ್ಧಕ್ಕೆ ಕಳುಹಿಸಿದ್ದ ಊರುಗಳಲ್ಲಿ ಜರ್ಮನ್ ಹುಡುಗನೊಬ್ಬನು ಶಾಲೆಗೆ ಹೋಗಿಬರುವುದು ಆ ಕಾಲಕ್ಕೆ ಸಣ್ಣ ಸಂಗತಿಯಾಗಿರಲಿಲ್ಲ.

ಇದಕ್ಕಿಂತಲೂ ವ್ಯಾಪಕವಾದ ಉದಾಹರಣೆ ಫ್ರಾನ್ಸ್ ಮತ್ತು ಜರ್ಮನಿಗಳದು. 1870ರಿಂದ 1945ರವರೆಗಿನ 75 ವರ್ಷಗಳಲ್ಲಿ ಈ ಎರಡು ನೆರೆಯ ದೇಶಗಳು ಮೂರು ಬಾರಿ ಯುದ್ಧ ಮಾಡಿದವು. 1963ರ ಜನವರಿ 22ರಂದು ಫ್ರಾನ್ಸಿನ ಅಧ್ಯಕ್ಷ ಡಿ ಗಾಲ್ ಮತ್ತು ಪಶ್ಚಿಮ ಜರ್ಮನಿಯ ಪ್ರಧಾನಿ ಅಡೆನಾವರ್ ಅವರು ಮೈತ್ರಿಯ ಒಪ್ಪಂದಕ್ಕೆ ಸಹಿ ಹಾಕಿದರು. ಅದೇ ವರ್ಷದ ಜುಲೈನಲ್ಲಿ ಉಭಯ ಸರ್ಕಾರಗಳೂ ಸೇರಿ ಯುವಜನರಿಗಾಗಿಯೇ ಒಂದು ಜಂಟಿ ಕಾರ್ಯಾಲಯವನ್ನು ಸ್ಥಾಪಿಸಿದವು. ಅದರ ಮೂಲ ವೆಚ್ಚವನ್ನು ಎರಡೂ ದೇಶಗಳು ಸಮಪಾಲಾಗಿ ಹೊರುತ್ತವೆ. ಅಂದಿನಿಂದ 90 ಲಕ್ಷಕ್ಕೂ ಹೆಚ್ಚು ತರುಣರು ಅದರ ಯೋಜನೆಗಳಲ್ಲಿ ಭಾಗವಹಿಸಿದ್ದಾರೆ. ಒಪ್ಪಂದಗಳು ಕಾಗದದ ಮೇಲಿರುತ್ತವೆ. ಅವುಗಳನ್ನು ಉಳಿಸಿಕೊಳ್ಳುವವರು ಮುಂದಿನ ಪೀಳಿಗೆಯವರೆಂಬ ದೂರದೃಷ್ಟಿ ಈ ವ್ಯವಸ್ಥೆಯ ಹಿಂದಿದೆ.

ಬೇಸಗೆಯೋ, ವರ್ಷವೋ?

ಅವಧಿಯ ದೃಷ್ಟಿಯಿಂದ ಪ್ರೌಢಶಾಲಾ ವಿನಿಮಯದಲ್ಲಿ ಮುಖ್ಯವಾಗಿ ಎರಡು ಬಗೆ. ನಾಲ್ಕರಿಂದ ಎಂಟು ವಾರಗಳ ಬೇಸಗೆಯ ಕಾರ್ಯಕ್ರಮ ಒಂದು. ಆರು ತಿಂಗಳು ಅಥವಾ ಇಡೀ ಶಾಲಾವರ್ಷದ ಕಾರ್ಯಕ್ರಮ ಇನ್ನೊಂದು. ಎರಡರ ಫಲವೂ ಒಂದೇ ಅಲ್ಲ.

ನಾರ್ವೆಯ ಸಮಾಜಶಾಸ್ತ್ರಜ್ಞ ಸ್ವೆರೆ ಲೈಸ್‌ಗೋರ್ ಅವರು ಅಮೆರಿಕದಲ್ಲಿ ಓದಿಬಂದ ತಮ್ಮ ದೇಶದ 200 ಮಂದಿಯನ್ನು ಸಂದರ್ಶಿಸಿ 1955ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪರದೇಶದಲ್ಲಿ ಮೊದಲ ಕೆಲವು ತಿಂಗಳು ಎಲ್ಲವೂ ಸೊಗಸಾಗಿ ಕಾಣುತ್ತದೆ. ಬಳಿಕ ಬೇಸರ, ಒಂಟಿತನ, ಅಸಹನೆಗಳು ತಲೆದೋರುತ್ತವೆ. ಅದನ್ನು ದಾಟಿದ ಮೇಲೆ ಸ್ಥಿರವಾದ ಹೊಂದಾಣಿಕೆ ಬರುತ್ತದೆಂಬುದು ಅವರ ನಿರ್ಣಯದ ಸಾರ. ಅವರು ಸಂದರ್ಶಿಸಿದವರು ವಯಸ್ಕ ವಿದ್ವಾಂಸರಾಗಿದ್ದರೂ, ಕಿಶೋರರನ್ನು ಕಳುಹಿಸುವ ಸಂಸ್ಥೆಗಳು ಈ ವಿಚಾರವನ್ನು ತಮ್ಮ ತರಬೇತಿಗಳಲ್ಲಿ ಧಾರಾಳವಾಗಿ ಬಳಸಿಕೊಂಡಿವೆ. ಈ ಬೆಳಕಿನಲ್ಲಿ ನೋಡಿದರೆ ಬೇಸಗೆಯ ಕಾರ್ಯಕ್ರಮದ ಗುಣವೂ ಮಿತಿಯೂ ಸ್ಪಷ್ಟವಾಗುತ್ತವೆ. ಆರು ವಾರಗಳಲ್ಲಿ ವಿದ್ಯಾರ್ಥಿಯು ಸೊಗಸಿನ ಕಾಲವನ್ನೇ ಕಂಡು ಹಿಂದಿರುಗುತ್ತಾನೆ. ಅವನ ಅಂಜಿಕೆ ಕಳೆಯುತ್ತದೆ, ಭಾಷೆ ಚುರುಕಾಗುತ್ತದೆ, ಇನ್ನೊಂದು ದೇಶದಲ್ಲಿ ಗೆಳೆಯರು ದೊರೆಯುತ್ತಾರೆ. ಶಾಲೆಯ ಪಾಠಗಳೂ ತಪ್ಪುವುದಿಲ್ಲ. ಆದರೆ ಬೇಸರವನ್ನು ಗೆದ್ದು ಪರಕೀಯರನ್ನು ತನ್ನವರೆಂದು ಬಗೆಯುವ ಹಂತಕ್ಕೆ ಅವನು ತಲುಪಿರುವುದಿಲ್ಲ. ಇಡೀ ವರ್ಷ ಇದ್ದವನಿಗೆ ಆ ಕಷ್ಟವೂ ತಪ್ಪದು, ಆ ಲಾಭವೂ ತಪ್ಪದು.

ಹಿಂದಿರುಗಿ ಬರುವುದೂ ಒಂದು ಪರೀಕ್ಷೆಯೇ. 1963ರಲ್ಲಿ ಗುಲ್ಲಾಹಾರ್ನ್ ದಂಪತಿಗಳು ತಾಯ್ನಾಡಿಗೆ ಮರಳಿದವರಲ್ಲಿಯೂ ಇಂಥದೇ ಏರಿಳಿತವುಂಟೆಂದು ತೋರಿಸಿದರು. ಮನೆಯವರು ಮೊದಲ ವಾರ ಕಥೆಗಳನ್ನು ಕುತೂಹಲದಿಂದ ಕೇಳುತ್ತಾರೆ; ಅನಂತರ ‘ಅಲ್ಲಿ ಹಾಗಿತ್ತು, ಹೀಗಿತ್ತು’ ಎಂಬ ಮಾತು ಕೇಳಿ ಬೇಸರಗೊಳ್ಳುತ್ತಾರೆ. ತನ್ನ ಊರಿನಲ್ಲಿಯೇ ತಾನು ಹೊಸಬನಾದೆನೆಂದು ವಿದ್ಯಾರ್ಥಿಗೆ ತೋರುತ್ತದೆ. ಆ ಹೊತ್ತಿನಲ್ಲಿ ಸಹನೆಯಿಂದ ಮಾತನಾಡಿಸಿ, ಅವನ ಅನುಭವವನ್ನು ತರಗತಿಯ ಉಪಯೋಗಕ್ಕೆ ತಂದುಕೊಳ್ಳುವ ಗುರುವಿದ್ದರೆ ಮಾತ್ರ ವಿನಿಮಯವು ಪೂರ್ಣವಾದಂತೆ.

ಆತಿಥೇಯ ಕುಟುಂಬ

ಈ ಎಲ್ಲ ವ್ಯವಸ್ಥೆಯ ಆಧಾರಸ್ತಂಭ ಆತಿಥೇಯ ಕುಟುಂಬ. ಅಮೆರಿಕದ ವಿನಿಮಯ ವೀಸಾದ ನಿಯಮಗಳ ಪ್ರಕಾರ ಇಂಥ ಕುಟುಂಬಕ್ಕೆ ಸಂಭಾವನೆ ಕೊಡುವಂತಿಲ್ಲ. ತಮ್ಮ ಮಕ್ಕಳಿಗೆ ಬಡಿಸಿದ್ದನ್ನೇ ಪರದೇಶದ ಮಗುವಿಗೂ ಬಡಿಸಿ, ತಿಂಗಳುಗಟ್ಟಲೆ ಅದರ ಯೋಗಕ್ಷೇಮ ನೋಡಿಕೊಳ್ಳುವುದು ಕೇವಲ ಸದ್ಭಾವನೆಯ ಕಾರ್ಯ. ಕನ್ನಡ ನಾಡಿನಲ್ಲಿ ಬಡ ವಿದ್ಯಾರ್ಥಿಗಳು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದಿದ ವಾರಾನ್ನದ ಪದ್ಧತಿಯನ್ನೂ, ಮಠಗಳ ಉಚಿತ ಪ್ರಸಾದ ನಿಲಯಗಳನ್ನೂ ಬಲ್ಲವರಿಗೆ ಇದರ ಅಂತಸ್ಸತ್ತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ. ವ್ಯತ್ಯಾಸವಿಷ್ಟೆ: ವಾರಾನ್ನದ ಮನೆ ವಿದ್ಯಾರ್ಥಿಗೆ ಅನ್ನವಿಕ್ಕಿತು, ವಿನಿಮಯದ ಮನೆ ಅದರ ಜೊತೆಗೆ ತಾಯಿತಂದೆಗಳ ಹೊಣೆಯನ್ನೂ ಹೊರುತ್ತದೆ.

ಸದ್ಭಾವನೆಯೊಂದೇ ಸಾಲದೆಂಬ ಪಾಠವನ್ನೂ ಅನುಭವವು ಕಲಿಸಿತು. ಯೋಗ್ಯವಲ್ಲದ ಮನೆಗಳಲ್ಲಿ ಮಕ್ಕಳನ್ನು ಇರಿಸಲಾಗಿದೆಯೆಂಬ ದೂರುಗಳು ಅಮೆರಿಕದಲ್ಲಿ ಕೇಳಿಬಂದ ಮೇಲೆ, 2010ರಲ್ಲಿ ಅಲ್ಲಿಯ ಸರ್ಕಾರ ನಿಯಮಗಳನ್ನು ಬಿಗಿಗೊಳಿಸಿತು. ಸಂಘಟಕರು ಮನೆಗೆ ಹೋಗಿ ಕುಟುಂಬದವರನ್ನು ಸಂದರ್ಶಿಸಬೇಕು. ಮನೆಯ ಛಾಯಾಚಿತ್ರಗಳನ್ನು ದಾಖಲೆಯಲ್ಲಿಡಬೇಕು. 18 ವರ್ಷ ತುಂಬಿದ ಪ್ರತಿಯೊಬ್ಬ ಸದಸ್ಯನ ಮೇಲೂ ಅಪರಾಧದ ದಾಖಲೆಯಿದೆಯೇ ಎಂದು ಪರಿಶೀಲಿಸಬೇಕು. ಸ್ಥಳೀಯ ಪ್ರತಿನಿಧಿಯು ತಿಂಗಳಿಗೊಮ್ಮೆಯಾದರೂ ವಿದ್ಯಾರ್ಥಿಯನ್ನು ಮಾತನಾಡಿಸಬೇಕು. ನಂಬಿಕೆಯ ಕಾರ್ಯದಲ್ಲಿ ಇಷ್ಟು ವಿಚಾರಣೆ ಏತಕ್ಕೆಂದು ಕೇಳುವವರುಂಟು. ಮಗುವನ್ನು ಸಾವಿರಾರು ಮೈಲಿ ದೂರಕ್ಕೆ ಕಳುಹಿಸಿದ ತಾಯಿ ಆ ಪ್ರಶ್ನೆಯನ್ನು ಕೇಳುವುದಿಲ್ಲ.

ವೆಚ್ಚದ ಪ್ರಶ್ನೆ

ವಿನಿಮಯದ ಮೇಲೆ ಬರುವ ಆಕ್ಷೇಪಣೆಗಳಲ್ಲಿ ಗುರುತರವಾದದ್ದು, ಇದು ಉಳ್ಳವರ ಮಕ್ಕಳ ಸೌಭಾಗ್ಯವೆಂಬುದು. ವಿಮಾನದ ವೆಚ್ಚ, ವಿಮೆ, ಸಂಸ್ಥೆಯ ಶುಲ್ಕಗಳನ್ನು ಕೂಡಿಸಿದರೆ ಸಾಮಾನ್ಯ ಸಂಸಾರಕ್ಕೆ ಎಟುಕದ ಮೊತ್ತವಾಗುತ್ತದೆ. ಆತಿಥೇಯ ಕುಟುಂಬ ಉಚಿತವಾಗಿ ಅನ್ನವಿಕ್ಕಿದರೂ, ಅಲ್ಲಿಗೆ ತಲುಪಬಲ್ಲವನು ಹಣವಂತನೇ ಆದರೆ, ಒಂದು ದೇಶವು ಇನ್ನೊಂದು ದೇಶಕ್ಕೆ ತನ್ನ ಒಂದು ವರ್ಗವನ್ನು ಮಾತ್ರ ಪರಿಚಯಿಸಿದಂತಾಗುತ್ತದೆ.

ಇದಕ್ಕೆ ಎರಡು ಬಗೆಯ ಪರಿಹಾರಗಳನ್ನು ಲೋಕ ಕಂಡಿದೆ. ಮೊದಲನೆಯದು ಪೂರ್ಣ ವಿದ್ಯಾರ್ಥಿವೇತನ. ಅಮೆರಿಕದ ಸಂಸತ್ತು ಮತ್ತು ಜರ್ಮನಿಯ ಸಂಸತ್ತು ಸೇರಿ 1983ರಲ್ಲಿ ಇಂಥದೊಂದನ್ನು ಸ್ಥಾಪಿಸಿದವು. ಹಿಂದಿನ ಸೋವಿಯತ್ ಒಕ್ಕೂಟದ ದೇಶಗಳ ವಿದ್ಯಾರ್ಥಿಗಳಿಗಾಗಿ 1992ರಲ್ಲಿ, ಮುಸ್ಲಿಂ ಜನಸಂಖ್ಯೆ ಗಣನೀಯವಾಗಿರುವ ದೇಶಗಳ ವಿದ್ಯಾರ್ಥಿಗಳಿಗಾಗಿ 2002ರಲ್ಲಿ ಅಮೆರಿಕವು ಬೇರೆ ಯೋಜನೆಗಳನ್ನು ರೂಪಿಸಿತು. ಕೊನೆಯದರಲ್ಲಿ ಭಾರತದ ವಿದ್ಯಾರ್ಥಿಗಳೂ ಹೋಗಿಬಂದರು. ಜಪಾನಿನಲ್ಲಿ 2014ರಲ್ಲಿ ಆರಂಭವಾದ ‘ಸಕುರಾ’ ವಿಜ್ಞಾನ ವಿನಿಮಯದಲ್ಲಿ 2016ರಿಂದ ಭಾರತದ ಶಾಲಾ ವಿದ್ಯಾರ್ಥಿಗಳು ಪಾಲ್ಗೊಂಡರು; ಕೆಲವೇ ದಿನಗಳ ಈ ಭೇಟಿಗೆ ಸರ್ಕಾರಿ ಶಾಲೆಗಳ ಮಕ್ಕಳೂ ಆಯ್ಕೆಯಾದರು. ಆದರೆ ಸರ್ಕಾರಗಳ ಕೃಪೆಯನ್ನು ಅವಲಂಬಿಸಿದ ಯೋಜನೆ ಸರ್ಕಾರಗಳ ಮುನಿಸಿಗೂ ತುತ್ತಾಗುತ್ತದೆ. 1992ರ ಯೋಜನೆಯಿಂದ ರಷ್ಯಾ ದೇಶವು 2014ರಲ್ಲಿ ಹಿಂದೆ ಸರಿಯಿತು. 2020ರ ಮಹಾಮಾರಿಯ ಕಾಲದಲ್ಲಂತೂ ಲೋಕದಾದ್ಯಂತ ವಿನಿಮಯ ವಿದ್ಯಾರ್ಥಿಗಳನ್ನು ಅವಸರವಸರವಾಗಿ ಅವರವರ ಮನೆಗಳಿಗೆ ಮರಳಿಸಬೇಕಾಯಿತು.

ಎರಡನೆಯದು ಪರಸ್ಪರತೆ. ಫ್ರಾನ್ಸ್-ಜರ್ಮನಿಗಳ ನಡುವೆ 1989ರಲ್ಲಿ ಆರಂಭವಾಗಿ, ಮುಂದೆ ಬ್ರಿಜಿತ್ ಸೋಝೆ ಅವರ ಹೆಸರನ್ನು ಪಡೆದ ಯೋಜನೆಯಲ್ಲಿ ವಿದ್ಯಾರ್ಥಿಯು ಸುಮಾರು ಮೂರು ತಿಂಗಳು ಜೊತೆಗಾರನ ಮನೆಯಲ್ಲಿದ್ದು ಅವನ ಶಾಲೆಯಲ್ಲೇ ಓದುತ್ತಾನೆ. ಪ್ರತಿಯಾಗಿ ಜೊತೆಗಾರನು ಅಷ್ಟೇ ಕಾಲ ಇವನ ಮನೆಗೆ ಬರುತ್ತಾನೆ. 2000ದಲ್ಲಿ ಆರಂಭವಾದ ‘ವೋಲ್ಟೇರ್’ ಯೋಜನೆಯಲ್ಲಿ ಈ ಅವಧಿ ಆರಾರು ತಿಂಗಳು. ಊಟ ವಸತಿಗಳಿಗೆ ಯಾರೂ ಯಾರಿಗೂ ಹಣ ಕೊಡುವುದಿಲ್ಲ. ಪ್ರಯಾಣಕ್ಕೆ ಜಂಟಿ ಕಾರ್ಯಾಲಯದಿಂದ ಸಹಾಯಧನ ದೊರೆಯುತ್ತದೆ. ಸಾಮಾನ್ಯ ಆದಾಯದ ಮನೆಯ ಮಗುವೂ ಹೋಗಬಹುದಾದ ವ್ಯವಸ್ಥೆಯಿದು. ‘ವಿನಿಮಯ’ವೆಂಬ ಶಬ್ದಕ್ಕೆ ಇಲ್ಲಿ ಪೂರ್ಣಾರ್ಥ ಬಂದಿದೆ, ಏಕೆಂದರೆ ಪಡೆದ ಮನೆಯೇ ಕೊಡುವ ಮನೆಯೂ ಆಗುತ್ತದೆ.

ಶಾಲೆಯ ಹೊಣೆ

ಭಾರತದ ಶಾಲೆಯೊಂದು ಈ ಕಾರ್ಯಕ್ಕೆ ಮನಸ್ಸು ಮಾಡಿದರೆ ಕೆಲವು ವಿಷಯಗಳನ್ನು ಮೊದಲೇ ತೂಗಿನೋಡಬೇಕಾಗುತ್ತದೆ. ಕರ್ನಾಟಕದ ಶಾಲಾವರ್ಷ ಬೇಸಗೆ ಮುಗಿದೊಡನೆ ಆರಂಭವಾದರೆ ಅಮೆರಿಕ, ಯುರೋಪುಗಳ ಶಾಲಾವರ್ಷ ಆಗಸ್ಟ್ ಅಥವಾ ಸೆಪ್ಟೆಂಬರಿನಲ್ಲಿ ಆರಂಭವಾಗುತ್ತದೆ. ಹತ್ತನೆಯ ತರಗತಿ ಮತ್ತು ಪದವಿಪೂರ್ವ ಹಂತಗಳಲ್ಲಿ ಸಾರ್ವತ್ರಿಕ ಪರೀಕ್ಷೆಗಳಿರುವುದರಿಂದ ಒಂದು ವರ್ಷ ಹೊರಗಿದ್ದ ವಿದ್ಯಾರ್ಥಿ ಒಂದು ವರ್ಷ ಹಿಂದೆ ಬೀಳುವ ಸಂಭವವುಂಟು. ಅಲ್ಲಿಯ ಓದಿಗೆ ಇಲ್ಲಿ ಮಾನ್ಯತೆ ದೊರೆಯುವುದೇ ಎಂಬುದನ್ನು ಹೊರಡುವ ಮುನ್ನವೇ ಲಿಖಿತರೂಪದಲ್ಲಿ ನಿಶ್ಚಯಿಸಿಕೊಳ್ಳಬೇಕು. ಆಯ್ಕೆಯಲ್ಲಿ ಅಂಕಗಳೊಂದೇ ಮಾನದಂಡವಾಗಬಾರದು; ತನ್ನ ಬಟ್ಟೆ ತಾನೇ ಒಗೆದುಕೊಳ್ಳಬಲ್ಲ, ಅಪರಿಚಿತ ಆಹಾರದ ಮುಂದೆ ಮುಖ ಸಿಂಡರಿಸದ, ಕಷ್ಟವನ್ನು ಬಾಯಿಬಿಟ್ಟು ಹೇಳಬಲ್ಲ ಮಗುವೇ ಪರದೇಶದಲ್ಲಿ ಬಾಳುತ್ತದೆ. ಶಾಕಾಹಾರದಂಥ ನಿಯಮಗಳನ್ನು ಮುಚ್ಚಿಡದೆ ಅರ್ಜಿಯಲ್ಲಿಯೇ ತಿಳಿಸಿದರೆ ತಕ್ಕ ಮನೆ ದೊರೆಯುವುದು ಸುಲಭ. ಸಂಸ್ಥೆಯನ್ನು ಆರಿಸುವಾಗ, ಅನರ್ಥವೇನಾದರೂ ಒದಗಿದರೆ ರಾತ್ರಿಯ ಹೊತ್ತಿನಲ್ಲಿ ದೂರವಾಣಿಯಲ್ಲಿ ಉತ್ತರಿಸುವವರು ಯಾರೆಂದು ಕೇಳಿಕೊಳ್ಳುವುದು ವಿಹಿತ.

ಇವೆಲ್ಲಕ್ಕೂ ಮೊದಲಿನ ಹೊಣೆ ಇನ್ನೊಂದಿದೆ. ವಿನಿಮಯವೆಂದೊಡನೆ ಬಹುಮಂದಿಯ ಮನಸ್ಸಿಗೆ ಬರುವುದು ಕಳುಹಿಸುವ ಮಾತು. ದಾನಿಗಳೂ ವಿಮಾನದ ವೆಚ್ಚ ಭರಿಸಲು ಮುಂದಾಗುತ್ತಾರೆ. ಆದರೆ ಒಬ್ಬ ವಿದ್ಯಾರ್ಥಿ ಹೋಗಿಬಂದರೆ ಲೋಕಾನುಭವ ದೊರೆಯುವುದು ಅವನೊಬ್ಬನಿಗೆ. ಪರದೇಶದ ಒಬ್ಬ ವಿದ್ಯಾರ್ಥಿ ಶಾಲೆಗೆ ಬಂದು ಕುಳಿತರೆ ಅದು ಇಡೀ ತರಗತಿಗೆ ದೊರೆಯುತ್ತದೆ. ವಿಮಾನವೇರಲಾರದ ಬಡಮಗುವೂ ಅವನ ಪಕ್ಕದ ಬೆಂಚಿನಲ್ಲಿ ಕೂಡಬಲ್ಲದು. ಇದಕ್ಕೆ ಬೇಕಾದದ್ದು ವೀಸಾ ಮತ್ತು ನೋಂದಣಿಯ ನಿಯಮಗಳನ್ನು ತಪ್ಪದೆ ಪಾಲಿಸುವ ಶಾಲೆ, ಬಾಗಿಲು ತೆರೆಯುವ ಒಂದು ಮನೆ, ವಾರಕ್ಕೊಮ್ಮೆ ಅತಿಥಿಯ ಸುಖದುಃಖ ವಿಚಾರಿಸುವ ಒಬ್ಬ ಶಿಕ್ಷಕ. 1947ರಲ್ಲಿ ಆ ಮಾಜಿ ಚಾಲಕರು ಆರಂಭಿಸಿದ್ದು ತಮ್ಮ ಮಕ್ಕಳನ್ನು ಕಳುಹಿಸುವುದರಿಂದಲ್ಲ, ಅನ್ಯರ ಮಕ್ಕಳನ್ನು ಬರಮಾಡಿಕೊಳ್ಳುವುದರಿಂದ. ತಮ್ಮವರು ಹೊರಟದ್ದು ಮೂರು ವರ್ಷಗಳ ಬಳಿಕ. ಅನ್ನವಿಕ್ಕಿ ಅಕ್ಷರ ಕಲಿಸುವ ಪರಂಪರೆಯಲ್ಲಿ ಬೆಳೆದ ವಿದ್ಯಾಸಂಸ್ಥೆಗಳಿಗೆ ಈ ಕ್ರಮ ಹೊಸದೇನೂ ಅಲ್ಲ. ಪಂಕ್ತಿಯಲ್ಲಿ ಇನ್ನೊಂದು ಎಲೆ ಹಾಕಿದರೆ ಅದು ಆರಂಭವಾದಂತೆಯೇ ಸರಿ.